ಮಗಳ ದೋಣಿಗೆ ಎಷ್ಟು ಎಂಜಿನ್

ನನ್ನ ಗಂಡ ಮನೆಯಿಂದ ಹೊರಟರೆ ಎರಡು ಪೆನ್ನು, ಎರಡು ಕನ್ನಡಕ ಇಟ್ಟುಕೊಳ್ಳುವ ಮನುಷ್ಯ. ಗಾಂಧಿ ಬಜಾರಿಗೆ ಸೊಪ್ಪು ತರಲು ಹೋದರೂ ಎರಡು ಚೀಲ. ಒಂದು ಹರಿದರೆ ಏನು ಮಾಡ್ತೀಯ ಅಂತ ನನ್ನನ್ನೇ ಕೇಳುತ್ತಾರೆ. ಮದುವೆಯಾಗಿ ಇಷ್ಟು ವರ್ಷವಾಯಿತು, ಒಂದು ಚೀಲವೂ ಹರಿದದ್ದನ್ನು ನಾನು ಕಂಡಿಲ್ಲ. ಹೆಂಡತಿ ಮಾತ್ರ ಒಬ್ಬಳೇ ಸಾಕು ಅಂದುಕೊಂಡದ್ದು ನನ್ನ ಪುಣ್ಯ.

ಚಾಮರಾಜಪೇಟೆಯಲ್ಲಿ ಇವರದು ಜನರೇಟರ್ ಅಂಗಡಿ. ಕಲ್ಯಾಣ ಮಂಟಪಗಳಿಗೆ ಜನರೇಟರ್ ಕಳಿಸುವುದು, ಅದು ನಿಂತರೆ ಓಡಿಹೋಗಿ ಸರಿಮಾಡುವುದು. ಹಾಗಾಗಿ ಎಂಜಿನ್ ವಿಷಯದಲ್ಲಿ ತಮಗೆ ತಿಳಿಯದ್ದು ಯಾವುದೂ ಇಲ್ಲವೆಂದು ಇವರ ನಂಬಿಕೆ. ನಮ್ಮ ಒಬ್ಬಳೇ ಮಗಳು ಹೊನ್ನಾವರದ ಕಡೆಯ ಹುಡುಗನನ್ನು ಮೆಚ್ಚಿ ಮದುವೆಯಾಗಿ ಅಲ್ಲೇ ನೆಲೆಸಿದಳು. ಮೀನಿನ ವಾಸನೆ ಬಂದರೆ ಕಿಟಕಿ ಹಾಕುವ ಮನೆಯಲ್ಲಿ ಬೆಳೆದವಳು, ಈಗ ಕಡಲಿನಲ್ಲಿ ಮೀನಿರುವ ಜಾಗವನ್ನು ಬೆರಳಿಟ್ಟು ತೋರಿಸುತ್ತಾಳೆ. ಗಾಳ ಹಾಕುವ ಆಸೆಯಿಂದ ಬರುವ ಪ್ರವಾಸಿಗರನ್ನು ಕಡಲಿಗೆ ಕರೆದೊಯ್ಯಲು ಗಂಡ ಹೆಂಡತಿ ಒಂದು ದೋಣಿ ಕಟ್ಟಿಸಲು ಹೊರಟರು. ಬಂದವರ ಊಟ ವಸತಿ ಅಳಿಯನ ಪಾಲು. ದೋಣಿ ನಡೆಸುವವಳು ನಮ್ಮ ಮಗಳೇ.

ಅಳಿಯ ಮರ್ಯಾದೆಗೆ ಒಂದು ಮಾತು ಕೇಳಿದ: ದೊಡ್ಡ ಎಂಜಿನ್ ಒಂದು ಹಾಕಿಸುವುದೋ, ಚಿಕ್ಕವು ಎರಡು ಹಾಕಿಸುವುದೋ. ಮರ್ಯಾದೆಗೆ ಕೇಳಿದ್ದಕ್ಕೆ ನಿಜವಾದ ಉತ್ತರ ಕೊಡಬಾರದು ಎಂಬುದು ಇವರಿಗೆ ಗೊತ್ತಿಲ್ಲ. "ಎರಡು," ಅಂದುಬಿಟ್ಟರು.

ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಅಲೆಗಳು ಒಡೆಯುತ್ತವಂತೆ. ಅಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗಿ ಮಗುಚಬಹುದಂತೆ. ಎರಡಿದ್ದರೆ ಒಂದು ಕೈಕೊಟ್ಟರೂ ಇನ್ನೊಂದು ಮೆಲ್ಲಗೆ ದಡ ಮುಟ್ಟಿಸುತ್ತದೆ. ಇದನ್ನೆಲ್ಲ ಇವರು ಮೊಬೈಲ್ ನೋಡಿ ಕಲಿತರು. ಅಳಿಯನ ವಾದ ಬೇರೆ. ದೋಣಿಯ ಹೊಟ್ಟೆಯೊಳಗೆ ಒಂದೇ ಡೀಸೆಲ್ ಎಂಜಿನ್ ಇದ್ದರೆ ನೀರು ತಳ್ಳುವ ಫ್ಯಾನು ನಟ್ಟನಡುವೆ ಇರುತ್ತದೆ, ತಳದ ಉದ್ದಕ್ಕೂ ಇರುವ ಮರದ ದಿಂಡು ಅದಕ್ಕೆ ಬಲೆ, ಹಗ್ಗ ಸಿಕ್ಕಿಕೊಳ್ಳದಂತೆ ಕಾಯುತ್ತದೆ. ದೋಣಿಯ ಹಿಂದೆ ನೇತುಹಾಕುವ ಎರಡು ಚಿಕ್ಕ ಎಂಜಿನ್‌ಗಳಿಗೆ ಆ ಮರೆ ಇಲ್ಲ. ಎಣ್ಣೆಯೂ ಜಾಸ್ತಿ, ಉಪ್ಪುನೀರಿನಿಂದ ಕಾಪಾಡಬೇಕಾದ್ದೂ ಎರಡು. ಅವರೂರಿನ ಹಳಬರೆಲ್ಲ ಒಂದೇ ಎಂಜಿನ್ನಿನಲ್ಲಿ ಹೋಗಿ ಬರುತ್ತಾರೆ.

ಬೆಳಗಿನ ವಾಕಿಂಗ್ ಗೆಳೆಯರ ಬೆಂಚಿಗೂ ಇವರು ವಿಷಯ ಒಯ್ದರು. ಬಸವನಗುಡಿಯ ಆ ಬೆಂಚಿನಲ್ಲಿ ಕೂತ ಯಾರೂ ಪ್ಯಾಂಟು ಮಡಚಿ ಅಲೆಗೆ ಕಾಲೊಡ್ಡಿದ್ದಕ್ಕಿಂತ ಹೆಚ್ಚು ಸಮುದ್ರ ಕಂಡವರಲ್ಲ. ಆದರೂ ಒಬ್ಬರೂ ಗೊತ್ತಿಲ್ಲ ಅನ್ನಲಿಲ್ಲ. "ವಿಮಾನಕ್ಕೇ ಎರಡು ಇರತ್ತೆ ಗುರು, ದೋಣಿಗೆ ಬೇಡ್ವಾ?" ಅಂದರಂತೆ ಒಬ್ಬರು. ಇವರು ಗೆದ್ದವರಂತೆ ಮನೆಗೆ ಬಂದು ಮಗಳಿಗೆ ವಿಡಿಯೋ ಕಾಲ್ ಮಾಡಿದರು.

ಮಗಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ಅಪ್ಪಾ, ನನ್ ಮದುವೇಲೂ ಎರಡಿತ್ತಲ್ಲ," ಅಂದಳು.

ಅವಳು ಹೇಳಿದ್ದು ಜನರೇಟರ್ ವಿಷಯ. ಮಗಳ ಮದುವೆಯೆಂದು ಇವರು ಮಂಟಪದ ಹಿಂದೆ ಎರಡು ಜನರೇಟರ್ ತಂದು ನಿಲ್ಲಿಸಿದ್ದರು. ಎರಡಕ್ಕೂ ಪೈಪು ಹೋಗಿದ್ದು ಒಂದೇ ಡೀಸೆಲ್ ಡ್ರಮ್ಮಿನಿಂದ. ಆ ಡ್ರಮ್ಮಿನ ತಳದಲ್ಲಿ ನೀರು ಸೇರಿತ್ತು. ನಸುಕಿನ ಮುಹೂರ್ತದ ಹೊತ್ತಿಗೆ ಕರೆಂಟು ಹೋಯಿತು. ಮೊದಲನೆಯದು ಕೆಮ್ಮಿ ನಿಂತಿತು, ಎರಡನೆಯದನ್ನು ಚಾಲೂ ಮಾಡಿದರೆ ಅದೂ ಕೆಮ್ಮಿ ನಿಂತಿತು. ನೆಂಟರ ಮೊಬೈಲ್ ಬೆಳಕಿನಲ್ಲಿ ತಾಳಿ ಕಟ್ಟಿದ್ದಾಯಿತು. ಹುಡುಗಿಯ ಅಪ್ಪ ಆಗ ರೇಷ್ಮೆ ಪಂಚೆ ಎತ್ತಿ ಕಟ್ಟಿ ಹಿಂದುಗಡೆ ಡೀಸೆಲ್ ಬಸಿಯುತ್ತಿದ್ದರು. ಅದನ್ನು ನೆನೆದು ಇವರು ಇಂದಿಗೂ ಮರುಗುತ್ತಾರೆ, ನಾನು ಇಂದಿಗೂ ಬೈಯುತ್ತೇನೆ.

"ದೋಣೀಲಿ ಎರಡು ಟ್ಯಾಂಕ್ ಇಡೋಕೆ ಜಾಗ ಇದೆಯಾ?" ಇವರೇ ಕೇಳಿದರು.

"ಇಲ್ಲಪ್ಪ. ಅಷ್ಟು ಉದ್ದ ಇಲ್ಲ. ಟ್ಯಾಂಕು ಒಂದೇ."

"ಹಂಗಾದ್ರೆ ಎರಡು ಹಾಕಿದ್ರೂ ಒಂದೇ ಲೆಕ್ಕ," ಅಂದರು.

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು ಇಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದು ನೋಡಿ ನನಗೆ ಭಯವಾಯಿತು. ಇಷ್ಟು ದಿನ ಇವರನ್ನು ಆಡಿಕೊಳ್ಳುತ್ತಿದ್ದೆನೇ ಹೊರತು ಒಳಗೊಳಗೆ ನನಗೂ ಎರಡೇ ಬೇಕಿತ್ತು. ಇವರು ಫೋನನ್ನು ಹತ್ತಿರ ಹಿಡಿದು ಮಗಳಿಗೆ ಹೇಳಿದರು: "ಇಷ್ಟು ವರ್ಷ ಎಲ್ಲಿ ಮಿಷನ್ ನಿಂತ್ರೂ, ಮಲ್ಲೇಶ್ವರ ಆಗ್ಲಿ, ಮತ್ತಿಕೆರೆ ಆಗ್ಲಿ, ಸ್ಕೂಟರ್‌ನಲ್ಲಿ ಹೋಗಿ ಮುಂದೆ ನಿಂತಿದೀನಿ. ನೀನು ಅಲ್ಲಿ ನಿಂತುಹೋದ್ರೆ ನಾನು ಹೆಂಗಮ್ಮ ಬರ್ಲಿ?"

ಅಷ್ಟು ದಿನದ ವಾದದ ಹೊಟ್ಟೆಯಲ್ಲಿ ಇದ್ದದ್ದು ಇದು. ಮಗಳ ಮುಖ ಸಣ್ಣದಾಯಿತು. ಆದರೆ ಅವಳು ಇವರ ಮಗಳೇ ತಾನೇ, ಸುಮ್ಮನಿರಲಿಲ್ಲ. "ಈಗ್ಲೇ ಬಂದು ಕಲಿಸಿಬಿಡಿ. ಚಿಕ್ಕೋಳಿದ್ದಾಗ ಅಂಗಡಿಗೆ ಬಂದ್ರೆ ಕೈಗೆ ಗ್ರೀಸ್ ಆಗತ್ತೆ, ಮನೆಗೆ ಹೋಗು ಅಂತಿದ್ರಲ್ಲ," ಅಂದಳು. ಅದು ನಿಜ. ಎಷ್ಟೋ ಜನ ಇವರ ಕೈಕೆಳಗೆ ಕೆಲಸ ಕಲಿತು ಸ್ವಂತ ಅಂಗಡಿ ಹಾಕಿದ್ದಾರೆ. ಮಗಳಿಗೆ ಮಾತ್ರ ಒಂದು ಸ್ಪ್ಯಾನರು ಕೊಟ್ಟವರಲ್ಲ.

ಒಂದೇ ಎಂಜಿನ್ ಹಾಕಿಸಿದರು. ದೋಣಿ ನೀರಿಗಿಳಿದ ವಾರ ನಾವು ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದೆವು. ಹದಿನೈದು ದಿನ ಅಪ್ಪ ಮಗಳು ದೋಣಿಯ ಹೊಟ್ಟೆಯಿಂದ ಹೊರಬರಲಿಲ್ಲ. ಡೀಸೆಲ್ಲಿನಿಂದ ನೀರು ಬೇರ್ಪಡಿಸುವುದು, ಫಿಲ್ಟರ್ ಬದಲಾಯಿಸುವುದು, ಪೈಪಿಗೆ ಸೇರಿದ ಗಾಳಿ ಹೊರಹಾಕುವುದು. ತಪ್ಪು ಮಾಡಿದರೆ ಇವರು ಅಂಗಡಿಯಲ್ಲಿ ಬೈಯುವಂತೆಯೇ ಬೈದರು, ಅವಳು ತಿರುಗಿ ಬೈದಳು. ಅವರಿಬ್ಬರೂ ಇಷ್ಟು ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಇವರ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಕೆಲಸ ಕಲಿತವರನ್ನು ಮಂಟಪಕ್ಕೆ ಒಬ್ಬರನ್ನೇ ಕಳಿಸುವ ಮೊದಲು ಇವರು ಎಂಜಿನ್ನಿನಲ್ಲಿ ಕದ್ದು ಏನಾದರೂ ಒಂದನ್ನು ಕೆಡಿಸಿಡುತ್ತಾರೆ. ಅದನ್ನು ತಾವೇ ಹುಡುಕಿ ಸರಿಮಾಡಿದವರಿಗಷ್ಟೇ ಕೆಲಸ ಒಪ್ಪಿಸುವುದು. ಕೊನೆಯ ದಿನ ನಾವು ಮೂವರೂ ದೋಣಿಯಲ್ಲಿದ್ದೆವು. ಅಳಿವೆಗೆ ಇನ್ನೂ ದೂರವಿರುವಾಗ, ಹೊಳೆಯ ನೀರು ಅಲ್ಲಾಡದ ಕಡೆ ಇವರು ಎಂಜಿನ್ ಆರಿಸಿ ಲಂಗರು ಹಾಕಿಸಿದರು. ಮಗಳು ಮುಂದೆ ಬಂದು ನನ್ನ ಜೊತೆ ಚಿತ್ರಾನ್ನ ತಿನ್ನುತ್ತಿದ್ದಾಗ ಇವರು ಹಿಂದೆ ಬಗ್ಗಿ ಏನೋ ಮಾಡಿದರು. "ಈಗ ಚಾಲೂ ಮಾಡು," ಅಂದರು.

ಚಾಲೂ ಆಗಲಿಲ್ಲ. ಅವಳಿಗೆ ತಕ್ಷಣ ಅರ್ಥವಾಯಿತು. ಅಂಗಿಯ ತೋಳು ಮಡಚಿ ಎಂಜಿನ್ ಹತ್ತಿರ ಇಳಿದಳು. ಟ್ಯಾಂಕಿನ ವಾಲ್ವು ನೋಡಿದಳು, ಸರಿ ಇತ್ತು. ಫಿಲ್ಟರ್ ನೋಡಿದಳು, ನೀರಿರಲಿಲ್ಲ. ಬಿಸಿಲು ಏರುತ್ತಿತ್ತು. ನನಗೆ ತಡೆಯಲಾಗಲಿಲ್ಲ, "ಹೇಳಿಬಿಡ್ರಿ, ಸಾಕು," ಅಂದೆ. "ನೀನು ಸುಮ್ನಿರು," ಅಂದರು. ಇವರ ಎರಡು ಕೈಗಳೂ ತೊಡೆಯ ಕೆಳಗಿದ್ದವು. ಅವು ತಾವಾಗಿ ಹೋಗಿ ಸ್ಪ್ಯಾನರು ಹಿಡಿಯಬಾರದೆಂದು ಅವುಗಳ ಮೇಲೆ ಕೂತಿದ್ದರು.

ಅವಳು ಪೈಪಿನಲ್ಲಿ ಗುಳ್ಳೆ ಕಂಡಳು. ಪೈಪನ್ನು ಬೆರಳಿನಿಂದ ತಡವುತ್ತ ಹೋಗಿ, ಹಲಗೆಯ ಕೆಳಗೆ ಅರ್ಧ ಸುತ್ತು ಸಡಿಲ ಮಾಡಿದ್ದ ನಟ್ಟನ್ನು ಹುಡುಕಿದಳು. ಬಿಗಿ ಮಾಡಿ, ಗಾಳಿ ತೆಗೆದು, ಮತ್ತೆ ಗುಂಡಿ ಒತ್ತಿದಳು. ಎಂಜಿನ್ ಹೊತ್ತಿಕೊಂಡಿತು.

"ಇನ್ನು ನಾನು ಬರೋದು ಬೇಕಿಲ್ಲ," ಅಂದರು ಇವರು. ನಗುತ್ತಲೇ ಅಂದರು. ನನಗೆ ಸಮಾಧಾನವೂ ಆಯಿತು, ಅಳುವೂ ಬಂತು. ಮಗಳು ಲಂಗರು ಎತ್ತಿ, ದೋಣಿಯನ್ನು ಅಳಿವೆಯ ಕಡೆ ತಿರುಗಿಸಿದಳು. ಅಲೆಗಳ ಹತ್ತಿರ ಹೋದಾಗ ಎಂಜಿನ್ನಿನ ಸದ್ದು ಒಮ್ಮೆ ಬದಲಾಯಿತು. ಇವರು ಎದ್ದು ನೋಡಲು ಹೋಗಲಿಲ್ಲ.