ಮುಚ್ಚಳ ಎತ್ತುವವರು

ದೋಸೆ ಹಿಟ್ಟಿಗೆ ಹೆದರುವ ಗಂಡಸನ್ನು ನೀವು ನೋಡಿರಲಿಕ್ಕಿಲ್ಲ. ನಾನೇ ಅವನು. ಬೇಸಿಗೆಯ ಬೆಳಿಗ್ಗೆ ಅಡುಗೆಮನೆಗೆ ಹೋದರೆ, ಹಿಂದಿನ ಸಂಜೆ ಅರ್ಧ ಪಾತ್ರೆಯಷ್ಟಿದ್ದ ಹಿಟ್ಟು ಮುಚ್ಚಳವನ್ನು ಓರೆಯಾಗಿ ಎತ್ತಿ ಹಿಡಿದು ನಿಂತಿರುತ್ತದೆ, ಮಲಗಿದವರು ಹೊದಿಕೆ ಸರಿಸಿ ಯಾರು ಬಂದರೆಂದು ಇಣುಕುವ ಹಾಗೆ. ನನ್ನ ಹೆಂಡತಿಗೆ ಸಂತೋಷವಾಗುತ್ತದೆ. ನಾನು ಹಿತ್ತಲಿಗೆ ಹೋಗಿಬಿಡುತ್ತೇನೆ.

ಮುಚ್ಚಳ ಎತ್ತುವವರು ಯಾರೆಂದು ನನಗೆ ಗೊತ್ತು. ಓದಿದ್ದು ಹತ್ತನೇ ಕ್ಲಾಸಾದರೂ ದನದಾಸ್ಪತ್ರೆಯಲ್ಲಿ ಅಟೆಂಡರ್ ಆಗಿ ತಲೆ ನರೆಸಿಕೊಂಡವನು. ಬ್ಯಾಕ್ಟೀರಿಯಾಗಳ ವಿಚಾರ ಡಾಕ್ಟರರ ಬಾಯಲ್ಲಿ ಕೇಳಿ ಕೇಳಿ ಒಂದಿಷ್ಟು ಅಂಟಿಕೊಂಡಿದೆ. ಅವು ಬೇಡುವುದು ನಾವು ಬೇಡುವಷ್ಟೇ. ಸ್ವಲ್ಪ ಬಿಸುಪು, ಸ್ವಲ್ಪ ತೇವ, ಒಂದಿಷ್ಟು ಆಹಾರ. ಸಿಕ್ಕಿತೋ, ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಗಂಡು ಹೆಣ್ಣು ನೋಡುವ ರಗಳೆಯಿಲ್ಲ. ಮಾಗಿಯ ಚಳಿಯಲ್ಲಿ ಹಿಟ್ಟು ಮುನಿಸಿಕೊಂಡು ಕೂತರೆ ಹೆಂಡತಿ ಪಾತ್ರೆಗೆ ಕಂಬಳಿ ಹೊದಿಸುತ್ತಾಳೆ. ನನಗೆ ಹೊದಿಸಿದ್ದು ನೆನಪಿಲ್ಲ.

ಬೇಕಾದ್ದು ಸಿಗದಿದ್ದರೆ ಬಹುಪಾಲು ಸಾಯುತ್ತವೆ. ಕೆಲವು ಜಾತಿಯವು ಸಾಯುವುದಿಲ್ಲ. ಗಟ್ಟಿ ಚಿಪ್ಪು ಕಟ್ಟಿಕೊಂಡು ಬೀಜದ ಹಾಗೆ ಮಲಗುತ್ತವೆ. ಉಸಿರಿಲ್ಲ, ಊಟವಿಲ್ಲ, ಸಾವೂ ಇಲ್ಲ. ಕಾಯುತ್ತವೆ. ಅಂಥವನ್ನು ಒಂದು ಹೊಲದಲ್ಲಿ ಮಲಗಿಸಿ ಬಂದವನು ನಾನು.

ಮೂವತ್ತು ವರ್ಷದ ಹಿಂದಿನ ಮಾತು. ಹಿರಿಯೂರು ಸೀಮೆಯ ನಮ್ಮೂರಲ್ಲಿ ಕುರಿ ಸಾಕಿದ್ದ ಕರಿಯಣ್ಣನ ಟಗರು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಸತ್ತು ಬಿದ್ದಿತ್ತು. ಮೂಗಿನಲ್ಲಿ ಕಪ್ಪು ರಕ್ತ. ಡಾಕ್ಟರು ರಜೆಯಲ್ಲಿದ್ದರು. ಹೋಗುವಾಗ ಬೆರಳೆತ್ತಿ ಎಚ್ಚರಿಸಿದ್ದರು: "ಕುರಿ ಇದ್ದಕ್ಕಿದ್ದಂಗೆ ಮೂಗಲ್ಲಿ ರಕ್ತ ಸುರಿಸಿ ಸತ್ರೆ ನೆರಡಿ ರೋಗ, ಆಂಥ್ರಾಕ್ಸು ಅಂತ ತಿಳ್ಕ. ಚಾಕು ಮುಟ್ಟಬ್ಯಾಡ. ಕುಯ್ಯದಿದ್ರೆ ರೋಗದ ಬ್ಯಾಕ್ಟೀರಿಯಾ ಹೆಣದೊಳಗೇ ಸಾಯ್ತಾವೆ. ಗಾಳಿ ತಾಗ್ತೋ, ಚಿಪ್ಪು ಕಟ್ಕಂತಾವೆ. ಆರಡಿ ತೋಡಿ ಹೂಳು."

ಆದರೆ ಡಾಕ್ಟರಿಲ್ಲದ ದಿನ ಊರವರು ನನ್ನನ್ನೇ ಡಾಕ್ಟರೆನ್ನುತ್ತಿದ್ದರು. ಆ ಕರೆಗೆ ನಾನು ಹಿಟ್ಟಿಗಿಂತ ಬೇಗ ಉಬ್ಬುತ್ತಿದ್ದೆ.

"ಏನಾಗಿತ್ತು ಇದಕ್ಕೆ, ನೋಡ್ರಿ ಡಾಕ್ಟ್ರೇ" ಎಂದ ಕರಿಯಣ್ಣ. ಸುತ್ತ ಹತ್ತು ಜನ ನಿಂತಿದ್ದರು. ನಾನು ಕುಯ್ದೆ. ರಕ್ತ ಡಾಂಬರಿನಂತೆ ಹರಿಯಿತು, ಹೆಪ್ಪುಗಟ್ಟಲಿಲ್ಲ. ಎಲ್ಲ ತಿಳಿದವನಂತೆ ತಲೆಯಾಡಿಸಿದೆ. ಆಮೇಲೆ ಅವನ ಹೊಲದಲ್ಲೇ ಹೂಳಲು ಹೋಗಿ, ಕಲ್ಲುನೆಲ ಅಗೆಯಲಾರದೆ ಮೂರಡಿಗೇ ಗುಂಡಿ ಮುಗಿಸಿದೆ.

ಮುಂಗಾರು ಬಿತ್ತು. ಗುಂಡಿಯ ಮೇಲೆ ಹುಲ್ಲು ಸುತ್ತಲಿಗಿಂತ ಕಡುಹಸಿರಾಗಿ ಎದ್ದಿತು. ಅಲ್ಲಿ ಮೇಯ್ದ ಮೂರು ಕುರಿ ಟಗರಿನ ಹಾಗೆಯೇ ಸತ್ತವು. ಡಾಕ್ಟರು ಬಂದು ಅವನ್ನು ಆಳಕ್ಕೆ ಹೂಳಿಸಿ, ಉಳಿದ ಮಂದೆಗೆ ಲಸಿಕೆ ಹಾಕಿದರು. ಚಾಕುವಿನ ಸಂಗತಿ ನಾನು ಬಾಯಿಬಿಡಲಿಲ್ಲ; ಅದು ತಪ್ಪೆಂದು ನೋಡಿದವರಿಗೆ ತಿಳಿದಿರಲಿಲ್ಲ. ಆದರೆ ಆ ಹುಲ್ಲಿನ ಹತ್ತಿರ ಇನ್ನು ಯಾರೂ ಸುಳಿಯಬಾರದಲ್ಲ? ಹಾಗಾಗಿ ಒಂದು ದೆವ್ವ ಹುಟ್ಟಿಸಿದೆ. ಉರಿಬಿಸಿಲಿನ ಮಧ್ಯಾಹ್ನ ಆ ಟಗರು ಮೂಗಿನಲ್ಲಿ ರಕ್ತ ಸುರಿಸುತ್ತ ಅಲ್ಲಿ ನಿಂತಿರುತ್ತದೆ, ನಾನೇ ಕಂಡೆ ಎಂದೆ. ವಾರದೊಳಗೆ ಕಂಡವರು ಇಬ್ಬರಾದರು, ನಾಲ್ವರಾದರು. ಸುಳ್ಳು ಬೆಳೆಯುವುದಕ್ಕೂ ಹದವಾದ ಬಿಸುಪು ಸಾಕು. ಕಡೆಗೆ ಆ ದಾರಿಯಲ್ಲಿ ಹೋಗಲು ನನಗೇ ಕಾಲು ಬರದಾಯಿತು.

ಕೇಡು ಅದಲ್ಲ. ತಾನೇನೋ ತಪ್ಪು ಮಾಡಿದ್ದಕ್ಕೇ ಟಗರಿಗೆ ಶಾಂತಿಯಿಲ್ಲ ಎಂದು ನಂಬಿದ ಕರಿಯಣ್ಣ ಸಾಯುವ ತನಕ ಕೊರಗಿದ. ವರ್ಷಕ್ಕೊಮ್ಮೆ ದೂರದಿಂದ ಆ ಜಾಗಕ್ಕೆ ಕೈಮುಗಿದು ಬರುತ್ತಿದ್ದ. ನಾನು ನೋಡುತ್ತಿದ್ದೆ.

ಈ ವರ್ಷ ಅವನ ಮಗಳು ಮಾರಕ್ಕ ಅಲ್ಲೇ ಕೃಷಿಹೊಂಡ ತೋಡಿಸಲು ಹೊರಟಳು. "ದೆವ್ವ ಗಿವ್ವ ನಾನು ನಂಬಂಗಿಲ್ಲ ಮಾಮ. ನಾಳೆ ಜೆಸಿಬಿ ಬರ್ತೈತೆ" ಎಂದಳು, ನಮ್ಮ ಜಗಲಿಯ ಮೇಲೆ ಕಾಫಿ ಕುಡಿಯುತ್ತ.

ಮಲಗಿದ್ದವು ಮಣ್ಣಿನ ಜೊತೆ ಮೇಲೆ ಬಂದು ಅವಳ ಕೈಗೆ, ಅವಳ ಕುರಿಗಳ ಬಾಯಿಗೆ ಹತ್ತುವುದು ನನ್ನ ಕಣ್ಣಿಗೆ ಕಟ್ಟಿತು. "ಅಲ್ಲಿ ದೆವ್ವ ಇಲ್ಲವ್ವ. ಅದಕ್ಕಿಂತ ಕೆಟ್ಟದ್ದೈತೆ" ಎಂದೆ. ಎಲ್ಲ ಹೇಳಿದೆ. ಚಾಕು, ಮೂರಡಿ, ಚಿಪ್ಪು.

ಮೊದಲು ನಕ್ಕಳು. "ಮೂವತ್ತು ವರ್ಸ ಅನ್ನ ನೀರಿಲ್ದೆ ಮಣ್ಣಾಗೆ ಕುಂತಿರ್ತಾವಾ? ಇದಕ್ಕಿಂತ ನಿನ್ನ ದೆವ್ವನೇ ವಾಸಿ, ನಂಬಬೋದು." ಆಮೇಲೆ ನಗು ನಿಂತಿತು. "ಹಂಗಾರೆ ನಮ್ಮಪ್ಪಂದು ಏನೂ ತಪ್ಪಿರ್ಲಿಲ್ಲ?"

"ಇರ್ಲಿಲ್ಲವ್ವ. ಎಲ್ಲ ನಂದೇ."

"ಅಪ್ಪ ಇದ್ದಾಗ ಹೇಳ್ಬೇಕಿತ್ತು ಮಾಮ." ಅರ್ಧ ಕಾಫಿ ಬಿಟ್ಟು ಎದ್ದುಹೋದಳು.

ಹೊಂಡದ ಜಾಗ ಬದಲಾಯಿತು. ಈಗಿನ ಡಾಕ್ಟರು ಬಂದು ನೋಡಿ, ಆ ಜಾಗ ಅಗೆಯಬಾರದು, ಮೇಯಿಸಬಾರದು ಎಂದು ಬೇಲಿ ಹಾಕಿಸಿ ಬೋರ್ಡು ನೆಡಿಸಿದರು. ತಿಂಗಳ ಮೇಲೆ ಮಾರಕ್ಕ ತಾನಾಗಿಯೇ ಬಂದಳು. ನನ್ನ ಹೆಂಡತಿ ಕೊಟ್ಟ ದೋಸೆ ತಿನ್ನುತ್ತ ಅಂದಳು: "ಬೋರ್ಡು ಓದೋರು ಯಾರು ಮಾಮ? ದೆವ್ವನೂ ಇರ್ಲಿ. ಆದ್ರೆ ಟಗರಿಂದು ಬ್ಯಾಡ, ಪಾಪ, ಅದೇನು ಮಾಡೈತೆ? ನೀನು ಸತ್ ಮ್ಯಾಲೆ ನಿಂದೇ ಅಲ್ಲಿ ನಿಂತ್ಕಂಡು ಕಾಯ್ಲಿ. ನಾನೇ ಎಲ್ರಿಗೂ ಹೇಳ್ತೀನಿ."

ನ್ಯಾಯವಾದ ಮಾತು. ಪೆನ್ಷನ್ ಬಂದ ಮೇಲೂ ಕೆಲಸ ಸಿಗುವುದು ಎಷ್ಟು ಜನಕ್ಕೆ?

ಮೊನ್ನೆ ಮಧ್ಯಾಹ್ನ ಜಾಗ ನೋಡಿಕೊಂಡು ಬರೋಣವೆಂದು ಬಿಳಿ ಪಂಚೆಯುಟ್ಟು ಹೋಗಿ ಬೇಲಿಯ ಹೊರಗೆ ನಿಂತೆ. ಗಾಳಿಯಿರಲಿಲ್ಲ. ಬೇಲಿಯೊಳಗಿನ ಹುಲ್ಲು ಮಾತ್ರ ತಣ್ಣಗೆ ಹಸಿರಾಗಿತ್ತು. ದೂರದಲ್ಲಿ ಕುರಿ ಹೊಡೆದುಕೊಂಡು ಬರುತ್ತಿದ್ದವನೊಬ್ಬ ನನ್ನನ್ನು ಕಂಡವನೇ ಗಕ್ಕನೆ ನಿಂತು, ಮಂದೆಯನ್ನೆಲ್ಲ ಬೇರೆ ದಿಕ್ಕಿಗೆ ತಿರುಗಿಸಿದ. ನಾನಿನ್ನೂ ಸತ್ತಿಲ್ಲ ಕಣಪ್ಪಾ ಎಂದು ಕೂಗಬೇಕೆನಿಸಿತು.

ಕೂಗಲಿಲ್ಲ.