ಎಡಗಾಲಿನ ಕೊನೆಯ ಬೆರಳು

ನನ್ನ ಗಂಡ ಫಾನ್ ದೆಶುನ್ ಕೈಫೆಂಗ್ ಊರಾಚೆ, ಹಳದಿ ನದಿಯ ಕಟ್ಟೆಯ ಕೆಳಗೆ ಕಾಳಗದ ಹುಂಜ ಸಾಕುತ್ತಿದ್ದ. ಅವನ ಅಪ್ಪನೂ ಅದೇ, ತಾತನೂ ಅದೇ. ಮೆದು ಮನುಷ್ಯನಲ್ಲ. ಮರಿ ಹೊರಬಂದ ದಿನ ಒಂದೊಂದರ ಕಾಲು ಬಿಡಿಸಿ ನೋಡುತ್ತಿದ್ದ. ಸೊಟ್ಟ ಕಂಡರೆ ಹೊಸ್ತಿಲಿಗೆ ಬಡಿಯುತ್ತಿದ್ದ. ಒಂದೇ ಏಟು. ಹೊಸ್ತಿಲು ತೊಳೆಯುವುದು ನನ್ನ ಕೆಲಸ.

ಕುಡಿದರೆ ನನಗೂ ಹೊಡೆಯುತ್ತಿದ್ದ. ನಾನೂ ಬಿಡುತ್ತಿರಲಿಲ್ಲ. ಅವನ ಹುಬ್ಬಿನ ಮೇಲಿನ ಗಾಯ ನನ್ನ ಲಟ್ಟಣಿಗೆಯದು.

ಒಂದು ವಸಂತದಲ್ಲಿ ಕಾಡುಬೆಕ್ಕು ಗೂಡಿಗೆ ನುಗ್ಗಿ ಎಲ್ಲವನ್ನೂ ಕೊಂದು ಹಾಕಿತು. ಕಾವಿಗೆ ಕೂತಿದ್ದ ಹೇಟೆಯೂ ಹೋಯಿತು. ಅದರ ಮೊಟ್ಟೆಗಳನ್ನು ಹತ್ತಿಯಲ್ಲಿ ಸುತ್ತಿ ಒಲೆಯ ಪಕ್ಕ ಇಟ್ಟೆ. ಒಂದೇ ಮರಿ ಬಂತು. ಅದರ ಎರಡೂ ಕಾಲಿನ ಬೆರಳು ಮುಷ್ಟಿ ಕಟ್ಟಿದ ಹಾಗೆ ಮಡಚಿದ್ದವು. ದೆಶುನ್ ಅದನ್ನು ಕಾಲು ಹಿಡಿದು ಎತ್ತಿದ.

"ಬಡೀರಿ. ನಿಮ್ಮ ತಾತನ ತಳಿ ಇವತ್ತಿಗೆ ಮುಗೀತು," ಎಂದೆ.

"ಕುಂಟನ್ನ ಕಣಕ್ಕೆ ಬಿಟ್ರೆ ಊರು ನಗುತ್ತೆ ಕಣೇ."

"ನಿಮ್ಮನ್ನ ಕಟ್ಕೊಂಡಾಗ್ಲೇ ಊರು ನನ್ನ ನೋಡಿ ನಕ್ಕಾಗಿದೆ. ಕೊಡಿ ಇಲ್ಲಿ."

ಕೊಟ್ಟ.

ಬಟ್ಟೆಯ ಬೂಟು ಹೊಲಿಯಲು ನಾವು ಚಿಂದಿಗೆ ಹಿಟ್ಟಿನ ಗಂಜಿ ಬಳಿದು, ಪದರ ಪದರವಾಗಿ ಅಂಟಿಸಿ ಒಣಗಿಸಿಡುತ್ತೇವೆ. ಅದರಿಂದ ಉಗುರಗಲದ ಎರಡು ಅಟ್ಟೆ ಕತ್ತರಿಸಿದೆ. ಬೆರಳುಗಳನ್ನು ಬೆಚ್ಚನೆ ನೀರಲ್ಲಿ ಬಿಡಿಸಿ, ಅಟ್ಟೆಯ ಮೇಲೆ ಹರಡಿ, ನೂಲಿನಿಂದ ಕಟ್ಟಿದೆ. ಮರಿ ಕಿರುಚಿತು. ಬಿಗಿಯಾದರೆ ಬೆರಳು ಕಪ್ಪಾಗುತ್ತದೆ, ಸಡಿಲವಾದರೆ ಮತ್ತೆ ಮಡಚುತ್ತದೆ. ದಿನವೂ ಬಿಚ್ಚಿ ಕಟ್ಟಿದೆ. ನೆನೆಸಿದ ನವಣೆ ತಿನ್ನಿಸಿದೆ. ಬೆರಳೆಲ್ಲ ನೆಟ್ಟಗಾದವು. ಎಡಗಾಲಿನ ಕೊನೆಯದು ಮಾತ್ರ ಒಳಕ್ಕೆ ಬಾಗಿಯೇ ಉಳಿಯಿತು.

ಆ ಕುಂಟ ಬೆಳೆದು ಕಣದಲ್ಲಿ ಎದುರಾಳಿಗಳ ಕಣ್ಣು ಕಿತ್ತ, ಗಂಟಲು ಸೀಳಿದ. ಕಾಳಗ ಮುಗಿದ ಮೇಲೆ ದೆಶುನ್ ಅದರ ತಲೆಯ ಗಾಯಕ್ಕೆ ಬಾಯಿ ಹಚ್ಚಿ ರಕ್ತ ಹೀರಿ ಉಗಿಯುತ್ತಿದ್ದ. ನನ್ನ ಗಾಯವನ್ನು ಅವನು ತಿರುಗಿಯೂ ನೋಡಿದವನಲ್ಲ.

ನಮ್ಮಲ್ಲಿ ಕಾಳಗದ ಹುಂಜ ಮಾರುವುದಿಲ್ಲ, ಕೊಡುತ್ತೇವೆ. ಪಡೆದವನು ಕಾದಾಡಿಸಬಹುದು, ತನ್ನ ಹೇಟೆಗಳಿಗೆ ಬಿಡಬಾರದು. ಹುಂಜ ಸತ್ತರೆ ಎರಡೂ ಪಾದ ಕತ್ತರಿಸಿ, ಕೆಂಪು ಬಟ್ಟೆಯಲ್ಲಿ ಕಟ್ಟಿ, ಕೊಟ್ಟವನಿಗೆ ಒಪ್ಪಿಸಬೇಕು. ಆಗ ತಳಿ ಕದ್ದಿಲ್ಲವೆಂದು ಅರ್ಥ. ನದಿಯಾಚೆಯ ಬಾವ್‌ಶಾನ್ ನೆರೆ ಬಂದಾಗ ನನ್ನ ಗಂಡನನ್ನು ನೀರಿನಿಂದ ಎಳೆದು ಬದುಕಿಸಿದವನು. ಒಂದು ಚಳಿಗಾಲಕ್ಕೆ ಆ ಕುಂಟ ಹುಂಜವನ್ನು ಕೊಡು ಎಂದ. ಇವನು ಇಲ್ಲ ಎನ್ನಲಾರದೆ ಕೊಟ್ಟ.

ಹೊಸ ವರ್ಷ ಕಳೆದ ಮೇಲೆ ಕೆಂಪು ಗಂಟು ಬಂತು. ಹುಂಜ ಕಾಳಗದಲ್ಲಿ ಸತ್ತಿತು ಎಂದು ಬಾವ್‌ಶಾನ್ ಹೇಳಿಕಳಿಸಿದ್ದ. ದೆಶುನ್ ಗಂಟು ಬಿಚ್ಚದೆ ಎದೆಗವಚಿಕೊಂಡು ಅತ್ತ. ಅವನು ಅತ್ತದ್ದು ನಾನು ಕಂಡದ್ದು ಅದೊಂದೇ ಸಲ. ಹೂಳುವ ಮುಂಚೆ ನಾನು ಬಿಚ್ಚಿದೆ. ಎಡಗಾಲು ನೋಡಿದೆ. ಬೆರಳೆಲ್ಲ ನೆಟ್ಟಗಿದ್ದವು.

"ಇದು ನಮ್ಮದಲ್ಲ," ಎಂದೆ.

ಅವನು ಅಡುಗೆಮನೆಯ ಮಚ್ಚು ತೆಗೆದುಕೊಂಡು ಹೊರಟ. ಆಮೇಲೆ ಆದದ್ದನ್ನು ಬಾವ್‌ಶಾನನ ಹೆಂಡತಿಯೇ ನನಗೆ ಹೇಳಿದಳು. ಹುಂಜ ಅವರ ಅಂಗಳದಲ್ಲಿ ಹೇಟೆಗಳ ನಡುವೆ ಇತ್ತು. ಬಾವ್‌ಶಾನ್ ಅಂಜಲಿಲ್ಲ, ನಕ್ಕ.

"ಪಾದ ಇಸ್ಕೊಂಡಿದೀಯ. ನಿನ್ನ ಲೆಕ್ಕಕ್ಕೆ ಅದು ಸತ್ತಿದೆ. ಇನ್ನೇನು?"

"ಹಂಗಾದ್ರೆ ಸಾಯ್ಲಿ," ಎಂದನಂತೆ ದೆಶುನ್. ಹುಂಜವನ್ನು ಮೊಣಕಾಲಡಿ ಅದುಮಿ, ಜೀವವಿದ್ದಂತೆಯೇ ಎರಡೂ ಪಾದ ಕಡಿದ. ಅದು ಮೋಟುಗಾಲಲ್ಲಿ ಅಂಗಳವೆಲ್ಲ ಒದ್ದಾಡಿತು. ಬಾವ್‌ಶಾನ್ ಹಿಂದಿನಿಂದ ನೀರು ಹೊರುವ ಅಡ್ಡೆಯಿಂದ ಇವನ ತಲೆಗೆ ಬಾರಿಸಿದ.

ಮನೆಗೆ ಗಾಡಿಯಲ್ಲಿ ತಂದರು. ಮುಷ್ಟಿಯಲ್ಲಿ ಪಾದಗಳಿದ್ದವು. ಬಿಡಿಸಲು ಆಗಲಿಲ್ಲ. ಹಾಗೆಯೇ ಪ್ರಾಣ ಹೋಯಿತು, ಹಾಗೆಯೇ ಹೂಳಿದೆವು.

ಬಾವ್‌ಶಾನನನ್ನು ಪೊಲೀಸರು ಒಯ್ದರು. ಅವನ ಹೆಂಡತಿ ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದಳು. ಅಂಗಿಯೊಳಗಿಂದ ಒಂದು ಮರಿ ತೆಗೆದಳು. ಬೆರಳು ಮುಷ್ಟಿ ಕಟ್ಟಿದ್ದವು.

"ನಿಮ್ಮ ಹುಂಜದಿಂದಾದ ಮೊಟ್ಟೆ ಮಿಕ್ಕಿದ್ದೆಲ್ಲ ಒಡೆದು ಹಾಕ್ದೆ ಅಕ್ಕಾ. ಇದೊಂದು ಆಗ್ಲೇ ಹೊರಗೆ ಬಂದಿತ್ತು. ಕೊಲ್ಲೋದಾದ್ರೆ ನೀನೇ ಕೊಲ್ಲು."

ನಾನು ಅದನ್ನು ಕಾಲು ಹಿಡಿದು ಎತ್ತಿದೆ, ಅವನ ಹಾಗೆಯೇ. ಹೊಸ್ತಿಲು ಅಲ್ಲೇ ಇತ್ತು. ಮರಿ ತಲೆ ಎತ್ತಿ ನನ್ನ ಹೆಬ್ಬೆರಳನ್ನು ಕುಕ್ಕಿತು.

"ಇದು ಸತ್ತರೆ ಪಾದ ನಿಮ್ಮನೆಗೆ ಬರಲ್ಲ," ಎಂದೆ.

"ಬೇಡ."

ಗಂಜಿ ಬಳಿದು ಅಂಟಿಸಿದ ಚಿಂದಿ ನಿನ್ನ ಹತ್ತಿರ ಇದೆಯೇ ಎಂದು ಕೇಳಿದೆ. ನನ್ನದೆಲ್ಲ ಅವನನ್ನು ಹೂಳುವಾಗ ತೊಡಿಸಿದ ಬೂಟಿಗೆ ಮುಗಿದಿತ್ತು.