ಪದ್ಮಾ ಮಗ್ಗ ಬಿಟ್ಟು ಏಳಲಿಲ್ಲ

ಕೊರೊನಾ ತಣ್ಣಗಾದ ಮರುವರ್ಷ ನಾನು ಗದ್ವಾಲದ ಒಂದು ಸಣ್ಣ ಆಸ್ಪತ್ರೆಯಲ್ಲಿ ಮಕ್ಕಳ ಸರ್ಜನ್ ಆಗಿದ್ದೆ. ಗಂಡ ತೀರಿಕೊಂಡ ಮೇಲೆ ರಾಯಚೂರಿನ ಮನೆಯಲ್ಲಿ ಇರಲಾಗದೆ ಬಂದವಳು. ಕ್ವಾರ್ಟರ್ಸಿನಲ್ಲಿ ಒಬ್ಬಳೇ. ಒಬ್ಬರಿಗಾಗಿ ಅಡುಗೆ ಮಾಡುವ ಬೇಸರ ಮಾಡಿದವರಿಗೇ ಗೊತ್ತು.

ನೇಕಾರಗಿತ್ತಿ ಈರಮ್ಮ ಎಂಟು ವರ್ಷದ ಮಗಳು ಪದ್ಮಾಳನ್ನು ಕರೆತಂದದ್ದು ಆಗ. ಹುಡುಗಿಗೆ ಮೇಲಿಂದ ಮೇಲೆ ಚಳಿಜ್ವರ. ಪರೀಕ್ಷೆಯಲ್ಲಿ ರಿಫ್ಲಕ್ಸ್ ಎಂದು ತಿಳಿಯಿತು. ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯಬೇಕಾದ ಮೂತ್ರ ಇವಳಲ್ಲಿ ತಿರುಗಿ ಎಡ ಕಿಡ್ನಿಗೆ ಏರುತ್ತಿತ್ತು. ಸೋಂಕು ತಗುಲಿ ಕಿಡ್ನಿಯಲ್ಲಿ ಆಗಲೇ ಒಂದು ಕಲೆ ಬಿದ್ದಿತ್ತು. ಹೀಗೇ ಬಿಟ್ಟರೆ ಆ ಕಿಡ್ನಿ ಕೈಬಿಡುತ್ತಿತ್ತು.

“ಕೊಯ್ಯಾಕ ಬೇಕೇನ್ರಿ ಡಾಕ್ಟರಮ್ಮಾ?” ಎಂದಳು ಈರಮ್ಮ.

ಬೇಡವೆಂದೆ. ಸಿಸ್ಟೋಸ್ಕೋಪ್ ಎಂಬ ತೆಳುವಾದ ದುರ್ಬೀನನ್ನು ಮೂತ್ರದ್ವಾರದಿಂದಲೇ ಒಳಗೆ ಬಿಟ್ಟು, ನಾಳವು ಚೀಲಕ್ಕೆ ಸೇರುವ ಬಾಯಿಯ ಕೆಳಗೆ ತುಸು ಜೆಲ್ ಚುಚ್ಚುತ್ತೇವೆ. ಅದು ಉಬ್ಬಿ ಬಾಯಿ ಬಿಗಿಯಾಗುತ್ತದೆ. ಹೊಲಿಗೆಯಿಲ್ಲ, ಸಂಜೆಗೆ ಮನೆ. ಎಲ್ಲ ಚೆನ್ನಾಗಿಯೇ ಆಯಿತು. ಮೂತ್ರ ತಡೆದುಕೊಂಡರೆ ಚೀಲದ ಒತ್ತಡಕ್ಕೆ ಮತ್ತೆ ಮೇಲೇರುತ್ತದೆ, ಹೊತ್ತಿಗೆ ಸರಿಯಾಗಿ ಹೋಗಬೇಕು ಎಂದು ಹೇಳಿ ಹೇಳಿ ಕಳಿಸಿದೆ.

ಕೆಲವು ತಿಂಗಳಿಗೆ ಜ್ವರ ಮರಳಿತು, ರಿಫ್ಲಕ್ಸೂ ಮರಳಿತು. ನನಗೆ ರೇಗಿಹೋಯಿತು. ಹೇಳಿದ್ದು ಕಿವಿಗೆ ಬೀಳಲಿಲ್ಲವೇ ಎಂದು ಗದರಿದೆ.

“ಹೋಗು ಹೋಗು ಅಂತ ಬಡ್ಕೊಂತೀನ್ರಿ, ಮಗ್ಗ ಬಿಟ್ಟು ಏಳಂಗಿಲ್ಲ ಇದು. ಪರೇಶಾನ್ ಆಗೈತ್ರಿ ನನಗೂ,” ಎಂದು ಈರಮ್ಮ ಕಣ್ಣೊರೆಸಿಕೊಂಡಳು.

ಮರುದಿನ ಸಂಜೆ ಅವರ ಮನೆಗೇ ಹೋದೆ. ನನಗಾಗಿ ಕಾಯುವವರು ಹೇಗೂ ಯಾರೂ ಇರಲಿಲ್ಲ. ಗದ್ವಾಲ ಸೀರೆಯ ಹತ್ತಿಯ ಮೈಗೆ ರೇಷ್ಮೆ ಅಂಚನ್ನು ಎಳೆ ಎಳೆಗೂ ಕೊಂಡಿ ಹಾಕಿ ಕೂಡಿಸಬೇಕು. ಅದಕ್ಕೆ ಮಗ್ಗದಲ್ಲಿ ಇನ್ನೊಬ್ಬರು ಬೇಕು. ಗಂಡ ದುಡಿಯಲು ಪುಣೆಗೆ ಹೋದ ಮೇಲೆ ಆ ಜಾಗದಲ್ಲಿ ಶಾಲೆ ಬಿಟ್ಟೊಡನೆ ಪದ್ಮಾ ಕೂರುತ್ತಿದ್ದಳು. ನಾನು ಹೋದಾಗಲೂ ತಾಯಿ ಮಗಳು ಕೈ ನಡೆಸುತ್ತಾ ಏನೇನೋ ಹರಟುತ್ತಿದ್ದರು. ಹುಡುಗಿ ಕಾಲು ಬಿಗಿಹಿಡಿದು ಮಿಸುಕುತ್ತಿದ್ದಳು, ಏಳಲಿಲ್ಲ. ತಾಯಿ ಚಹಾ ಮಾಡಲು ಎದ್ದದ್ದೇ ತಡ, ಹಿತ್ತಲಿಗೆ ಓಡಿದಳು.

ಬಂದವಳನ್ನು ಕೇಳಿದೆ: “ಮೊದಲ ಯಾಕ ಏಳಲಿಲ್ಲ?”

“ನಾ ಎದ್ರ ಮಗ್ಗ ನಿಂದರ್ತೈತ್ರಿ. ಮಗ್ಗ ನಿಂತ್ರ ಅವ್ವ ಸುಮ್ಮನ ಕುಂತು ಅಳ್ತಾಳ. ಒಬ್ಬಾಕಿನ್ನ ಹ್ಯಾಂಗ ಬಿಟ್ಟು ಹೋಗ್ಲಿ?”

ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಈರಮ್ಮನಿಗೂ ಅದು ಕೇಳಿಸಿತು. ಲೋಟ ಕೆಳಗಿಟ್ಟು ಮಗಳನ್ನು ಬಳಿಗೆಳೆದುಕೊಂಡಳು. ನಿಜ ಹೇಳಬೇಕೆಂದರೆ ನನಗೆ ಆ ತಾಯಿಯ ಮೇಲೆ ಹೊಟ್ಟೆಕಿಚ್ಚಾಯಿತು.

ಅಂದಿನಿಂದ ಈರಮ್ಮನೇ ನಡುನಡುವೆ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಿಂದ ಎದ್ದು, “ಬಾ, ನಾನೂ ಬರ್ತೀನಿ,” ಎನ್ನುವುದು ರೂಢಿಯಾಯಿತು. ಆಗ ಪದ್ಮಾ ಮರುಮಾತಿಲ್ಲದೆ ಏಳುತ್ತಿದ್ದಳಂತೆ. ಸೀರೆ ತಡವಾಗುತ್ತಿತ್ತು, ಆಗಲಿ ಎಂದಳು ಈರಮ್ಮ. ಎರಡನೆಯ ಸಲ ಜೆಲ್ ಚುಚ್ಚಿದೆ. ತಪಾಸಣೆಗೆ ಬಂದಾಗಲೆಲ್ಲ ಪದ್ಮಾ ನನ್ನ ಮೇಜಿನ ಬಳಿ ಕೂತು ಶಾಲೆಯ ಸುದ್ದಿಯೆಲ್ಲ ಹೇಳುತ್ತಿದ್ದಳು. ಮನೆಯಲ್ಲಿ ಯಾರಿದ್ದಾರೆ ಎಂದು ಒಮ್ಮೆ ಕೇಳಿದ್ದಕ್ಕೆ, ನಾನೊಬ್ಬಳೇ ಎಂದಿದ್ದೆ. ಜ್ವರ ಮತ್ತೆ ಬರಲಿಲ್ಲ, ಕಿಡ್ನಿ ಉಳಿಯಿತು.

ಕೊನೆಯ ಸ್ಕ್ಯಾನ್ ನೋಡಿ, ಇನ್ನು ಬರುವ ಅಗತ್ಯವಿಲ್ಲ ಎಂದೆ. ಈರಮ್ಮ ಕೈ ಮುಗಿದಳು. ಪದ್ಮಾ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

“ನಾವು ಬರದಿದ್ರ ನಿಮ್ಮ ಜೋಡಿ ಯಾರು ಮಾತಾಡ್ತಾರ್ರಿ?” ಎಂದಳು.

ನಮ್ಮ ಕೆಲಸ ಚೆನ್ನಾಗಿ ಆದರೆ ರೋಗಿ ಮತ್ತೆ ಬರುವುದಿಲ್ಲ. ಈ ಕಸುಬು ನನಗೆ ಕಲಿಸಿದ್ದು ಇಷ್ಟೇ. ಅದನ್ನು ಆ ಹುಡುಗಿಗೆ ಹೇಳಲು ಮಾತ್ರ ನನ್ನಿಂದ ಆಗಲಿಲ್ಲ.